ಮಾತಿನ ಅಂಕಿತ ಅಳಿಯದಿರಲಿ



ಹಿರಿಯರ ಮಾತನ್ನು ಕೇಳಬೇಕೆಂದು ನಾವೆಲ್ಲರೂ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಆದರೆ ಕೇಳುವುದು ಹೇಗೆಂಬುದನ್ನು ಅವರಿಗೆ ಕಲಿಸಿದವರು ವಿರಳ. ಹಾಡುವುದು ಒಂದು ವಿದ್ಯೆ, ಬರೆಯುವುದು ಒಂದು ವಿದ್ಯೆ ಎಂದು ಒಪ್ಪುವ ನಾವು, ಕೇಳುವುದೂ ಒಂದು ವಿದ್ಯೆಯೆಂಬುದನ್ನು ಮರೆತುಬಿಡುತ್ತೇವೆ. ಅದಕ್ಕೂ ಅಭ್ಯಾಸ ಬೇಕು, ಸಂಯಮ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಕುಳಿತವರಲ್ಲಿ ಗೌರವ ಬೇಕು.

ಇಂದು ಮನೆಮನೆಯಲ್ಲಿಯೂ ಚಿತ್ರ ತೆಗೆಯುವ, ಧ್ವನಿಯನ್ನು ಹಿಡಿದಿಡುವ ಸಾಧನವಿದೆ. ಮದುವೆ, ಗೃಹಪ್ರವೇಶ, ಜಾತ್ರೆ, ಪ್ರವಾಸ ಎಲ್ಲವೂ ಮೊಬೈಲಿನೊಳಗೆ ಸೇರಿಕೊಳ್ಳುತ್ತಿವೆ. ಇಷ್ಟಿದ್ದರೂ ನಮ್ಮ ನಡುವಿನ ಹಿರಿಯ ಕಲಾವಿದರೊಬ್ಬರು ಕಣ್ಮರೆಯಾದಾಗ ಅವರ ಮನೆಯಲ್ಲಿ ಉಳಿಯುವುದೇನು? ಸನ್ಮಾನ ಸಮಾರಂಭದಲ್ಲಿ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿಂತ ನಾಲ್ಕಾರು ಚಿತ್ರಗಳು. ಅವರು ಬಣ್ಣವನ್ನು ಹೇಗೆ ಕಲಸುತ್ತಿದ್ದರು, ಗುರುವಿನಿಂದ ಯಾವುದನ್ನು ಪಡೆದರು, ಯಾವುದನ್ನು ಬಿಟ್ಟರು, ಯಾವ ವರ್ಷ ಹೊಟ್ಟೆಪಾಡಿಗಾಗಿ ಕಲೆಯನ್ನೇ ಬಿಡಬೇಕೆಂದು ಕೊರಗಿದರು ಎಂಬುದು ಎಲ್ಲಿಯೂ ದಾಖಲಾಗಿರುವುದಿಲ್ಲ.

ಕರಾವಳಿಯ ಯಕ್ಷಗಾನ ರಂಗವು ಈಚಿನ ವರ್ಷಗಳಲ್ಲಿ ದೊಡ್ಡ ದೊಡ್ಡ ಹಿರಿಯರನ್ನು ಕಳೆದುಕೊಂಡಿತು. ಅರ್ಥಧಾರಿ ಕುಂಬ್ಳೆ ಸುಂದರ ರಾವ್ ಅವರು 2022ರ ನವೆಂಬರಿನಲ್ಲಿಯೂ, ಭಾಗವತ ಪರಂಪರೆಯ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿಯೂ ನಿಧನರಾದರು. ಅವರ ಅರ್ಥಗಾರಿಕೆ, ಹಾಡುಗಾರಿಕೆಗಳು ಮುದ್ರಣಗೊಂಡು ಉಳಿದಿರುವುದು ನಮ್ಮ ಪುಣ್ಯ. ಆದರೆ ಪ್ರಸಿದ್ಧಿಯ ಬೆಳಕು ಬೀಳದ ನೂರಾರು ಕಲಾವಿದರು ಊರೂರುಗಳಲ್ಲಿದ್ದಾರೆ. ಅವರನ್ನು ಕೇಳಿ, ಚಿತ್ರೀಕರಿಸಿ, ಸಂಪಾದಿಸಿ ಉಳಿಸುವವರು ಯಾರು? ಈ ಕೆಲಸವನ್ನು ವಿದ್ಯೆಯಾಗಿ ಕಲಿಯುತ್ತಿರುವ ಯುವಕ ಯುವತಿಯರ ವಿಷಯವನ್ನು ಈ ತಿಂಗಳ ಅಂಕಣದಲ್ಲಿ ಪ್ರಸ್ತಾಪಿಸಬಯಸುತ್ತೇವೆ.

ಮಂಗಳೂರು ನಗರದ ಉತ್ತರ ಭಾಗದಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲೆ ಕೂಳೂರು ಇದೆ. ಇದೇ ನದಿಗೆ ಗುರುಪುರ ಹೊಳೆಯೆಂದೂ ಹೆಸರು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ನದಿಯನ್ನು ದಾಟಿ ಪಣಂಬೂರಿನತ್ತ ಸಾಗುತ್ತದೆ. 1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು, ಅದರ ಸುತ್ತಮುತ್ತ ತಲೆಯೆತ್ತಿದ ಕಾರ್ಖಾನೆಗಳು, ಇವುಗಳ ಕಾರಣದಿಂದ ಹಗಲಿರುಳೆನ್ನದೆ ಲಾರಿ, ಟ್ಯಾಂಕರುಗಳು ಓಡಾಡುವ ಸ್ಥಳವಿದು. ಬಯಲುಸೀಮೆಯಿಂದ ಉದ್ಯೋಗ ನಿಮಿತ್ತ ಬಂದು ನೆಲೆಸಿದ ನಮ್ಮವರ ಕುಟುಂಬಗಳೂ ಇಲ್ಲಿ ಕೆಲವಿವೆ. ಅಂತಹ ಒಂದು ಮನೆಯ ಮಗಳು ಚಿತ್ರಕಲಾ ವಿದ್ಯಾರ್ಥಿನಿ. ತನ್ನ ಹೆಸರು ಬೇಡವೆಂದು ಆಕೆ ಕೇಳಿಕೊಂಡಿರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಸ್ಥಳೀಯ ಕಲಾವಿದರೊಬ್ಬರನ್ನು ಸಂದರ್ಶಿಸಿ, ಅದನ್ನು ಚಿತ್ರೀಕರಿಸಿ, ಹನ್ನೆರಡು ನಿಮಿಷಗಳ ಚಿತ್ರವಾಗಿ ಸಂಪಾದಿಸಿ ತರಬೇಕೆಂಬುದು ಆಕೆಯ ತರಗತಿಗೆ ಕೊಟ್ಟ ಅಭ್ಯಾಸ. ಸಹಪಾಠಿಗಳು ಹೆಸರಾಂತ ಚಿತ್ರಕಾರರ ಮನೆಗಳನ್ನು ಹುಡುಕಿ ಹೊರಟರು. ಈಕೆ ಮಾತ್ರ ಅಂಗಡಿ ಬೋರ್ಡುಗಳನ್ನು ಬರೆದು ಬದುಕು ಸಾಗಿಸಿದ, ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಆರಿಸಿಕೊಂಡಳು. ಬೋರ್ಡು ಬರೆಯುವವರು ಕಲಾವಿದರೇ ಎಂದು ಕೆಲವರು ಹುಬ್ಬೇರಿಸಿದರಂತೆ. ಕಾಯಕದಲ್ಲಿ ಮೇಲುಕೀಳೆಣಿಸದ ಪರಂಪರೆಯಲ್ಲಿ ಬೆಳೆದ ನಮ್ಮ ಓದುಗರಿಗೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ. ಇದೇ ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿ, ಕೈಕಸುಬಿನವರಿಗೆ ಕಲಾವಿದರ ಗೌರವ ಸಲ್ಲಬೇಕೆಂದು ಬಾಳಿನುದ್ದಕ್ಕೂ ದುಡಿದದ್ದನ್ನು ಇಲ್ಲಿ ಸ್ಮರಿಸಬಹುದು.

ಚಿತ್ರೀಕರಣವೆಂದೊಡನೆ ನಮಗೆ ಹೊಳೆಯುವುದು ಬೆಲೆಬಾಳುವ ಕ್ಯಾಮರಾ. ಆದರೆ ಈ ವಿದ್ಯಾರ್ಥಿನಿಯ ಬಳಿ ಇದ್ದುದು ಒಂದು ಮೊಬೈಲು, ಅದನ್ನು ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಅಂಗಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕು. ಬೆಳಕು ಹಿರಿಯರ ಬೆನ್ನಿನ ಹಿಂದಿನಿಂದ ಬಂದರೆ ಮುಖ ಕಪ್ಪಾಗುತ್ತದೆ. ಅದೇ ಕಿಟಕಿಯನ್ನು ಪಕ್ಕಕ್ಕೆ ಮಾಡಿಕೊಂಡರೆ ಮುಖದ ಒಂದೊಂದು ಗೆರೆಯೂ ಮೂಡಿಬರುತ್ತದೆ. ಚಿತ್ರ ಬರೆಯುವಾಗ ನೆರಳು ಬೆಳಕನ್ನು ಅಭ್ಯಾಸ ಮಾಡಿದ್ದ ಆಕೆಗೆ ಇದನ್ನು ಯಾರೂ ಎರಡು ಬಾರಿ ಹೇಳಬೇಕಾಗಲಿಲ್ಲ. ಕ್ಯಾಮರಾದ ಎತ್ತರ ಕುಳಿತವರ ಕಣ್ಣಿನ ಮಟ್ಟಕ್ಕಿರಬೇಕು. ಮೇಲಿನಿಂದ ತೆಗೆದರೆ ಅವರು ಕುಗ್ಗಿದಂತೆ ಕಾಣುತ್ತಾರೆ, ಕೆಳಗಿನಿಂದ ತೆಗೆದರೆ ಇಲ್ಲದ ದೊಡ್ಡಸ್ತಿಕೆ ಬರುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ, ಟ್ಯೂಬ್‌ಲೈಟಿನ ಕೆಳಗೆ ಸೆಕೆಂಡಿಗೆ 25 ಚೌಕಟ್ಟುಗಳಂತೆ, ಶಟರನ್ನು ಐವತ್ತರಲ್ಲೊಂದು ಸೆಕೆಂಡಿಗಿಟ್ಟು ತೆಗೆದರೆ ಚಿತ್ರದಲ್ಲಿ ಪಟ್ಟೆಗಳು ಓಡುವುದಿಲ್ಲ. ಇಂತಹ ಚಿಕ್ಕ ಚಿಕ್ಕ ಸಂಗತಿಗಳನ್ನು ಆಕೆ ಒಂದೊಂದಾಗಿ ಕಲಿತಳು.

ನಿಜವಾದ ಕಷ್ಟ ಎದುರಾದದ್ದು ಧ್ವನಿಯ ವಿಷಯದಲ್ಲಿ. ಹಿರಿಯರ ಮನೆ ಹೆದ್ದಾರಿಯಿಂದ ದೂರವಿರಲಿಲ್ಲ. ನಮ್ಮ ಕಿವಿಗೆ ಒಂದು ವಿಶೇಷ ಗುಣವಿದೆ. ಬೇಕಾದುದನ್ನು ಮಾತ್ರ ಆರಿಸಿಕೊಂಡು ಬೇಡವಾದುದನ್ನು ಅದು ಬಿಟ್ಟುಬಿಡುತ್ತದೆ. ಮೈಕಿಗೆ ಆ ವಿವೇಕವಿಲ್ಲ. ಮೊದಲ ದಿನದ ಮುದ್ರಣವನ್ನು ಮನೆಗೆ ಬಂದು ಕೇಳಿದಾಗ, ಹಿರಿಯರ ಮಾತಿನ ಮೇಲೆಲ್ಲ ಲಾರಿಗಳು ಹಾದುಹೋಗಿದ್ದವು. ಮರುದಿನ ಆಕೆ ರಸ್ತೆಯ ಕಡೆಯ ಕೋಣೆಯನ್ನು ಬಿಟ್ಟು ಹಿಂದಿನ ಅಡುಗೆಮನೆಯ ಮಗ್ಗುಲನ್ನು ಆರಿಸಿಕೊಂಡಳು, ಬಾಗಿಲಿಗೆ ದಪ್ಪ ಹೊದಿಕೆ ತೂಗುಹಾಕಿದಳು, ಫ್ಯಾನು ನಿಲ್ಲಿಸಿದಳು, ಮೈಕನ್ನು ಬಾಯಿಯಿಂದ ಒಂದು ಗೇಣಿನಷ್ಟು ಕೆಳಗೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ಕೊನೆಯಲ್ಲಿ ಯಾರೂ ಮಾತನಾಡದೆ ಒಂದು ನಿಮಿಷ ಆ ಕೋಣೆಯ ಮೌನವನ್ನೂ ಮುದ್ರಿಸಿಕೊಂಡಳು. ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವೆ ಬೀಳುವ ಖಾಲಿ ಜಾಗವನ್ನು ತುಂಬಲು ಆ ಮೌನವೇ ಬೇಕಾಗುತ್ತದೆ. ಒಂದೊಂದು ಮನೆಯ ಮೌನವೂ ಬೇರೆ ಬೇರೆ ಎಂಬುದು ಆಕೆಗೆ ತಿಳಿದದ್ದು ಅಂದೇ.

ಇನ್ನು ಪ್ರಶ್ನೆ ಕೇಳುವ ಬಗೆ. ‘ಈ ಕೆಲಸ ನಿಮಗೆ ಇಷ್ಟವಾಗಿತ್ತೇ?’ ಎಂದು ಕೇಳಿದರೆ ‘ಹೌದು’ ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ‘ಮೊದಲ ಬೋರ್ಡು ಬರೆದ ದಿನ ಏನಾಯಿತು?’ ಎಂದು ಕೇಳಿದರೆ ಒಂದು ಕಾಲವೇ ಎದ್ದುಬರುತ್ತದೆ. ಸೀಮೆಸುಣ್ಣ ಸವರಿದ ದಾರವನ್ನು ಹಲಗೆಯ ಮೇಲೆ ಬಿಗಿಹಿಡಿದು ಮಿಡಿದು ಗೆರೆ ಮೂಡಿಸುವುದು, ಅಳಿಲಿನ ಕೂದಲಿನ ಬ್ರಶ್ಶಿಗೆ ಎನಾಮಲ್ ಬಣ್ಣ ಎಷ್ಟು ಹತ್ತಬೇಕೆಂಬ ಲೆಕ್ಕ, ಇವೆಲ್ಲವನ್ನೂ ಆ ಹಿರಿಯರು ಕೈಯಾಡಿಸಿ ತೋರಿಸಿದರು. ‘ಬರೆಯುವಾಗ ಉಸಿರು ಹಿಡೀಬೇಕು ಮಗಾ. ಅಕ್ಷರದ ಹೊಟ್ಟೆ ಮುಗಿಯುವವರೆಗೆ ಬಿಡ್ಲಿಕ್ಕಿಲ್ಲ’ ಎಂದರಂತೆ. ಐದು ವರ್ಷ ಚಿತ್ರಕಲೆ ಕಲಿತರೂ ತನಗೆ ಯಾರೂ ಹೇಳಿರದ ಪಾಠವದು ಎಂದು ಆಕೆ ನಮ್ಮೊಡನೆ ಹೇಳಿದಳು.

ಉತ್ತರ ಮುಗಿದಂತೆ ತೋರಿದಾಗಲೂ ಕೂಡಲೇ ಮುಂದಿನ ಪ್ರಶ್ನೆಗೆ ಧಾವಿಸಬಾರದು. ನಾಲ್ಕೈದು ಕ್ಷಣ ಸುಮ್ಮನಿದ್ದರೆ, ಹೇಳಲೋ ಬೇಡವೋ ಎಂದು ಹಿಂದೆ ಉಳಿದಿದ್ದ ಮಾತು ತಾನಾಗಿ ಹೊರಬರುತ್ತದೆ. ನಡುನಡುವೆ ‘ಹೂಂ, ಹೌದು’ ಎನ್ನುವ ನಮ್ಮ ರೂಢಿಯನ್ನೂ ಬಿಡಬೇಕು. ಇಲ್ಲವಾದರೆ ಹಿರಿಯರ ಮಾತಿನ ಮೇಲೆ ನಮ್ಮ ಹೂಂಕಾರವೂ ಅಚ್ಚಾಗಿ ಕೂರುತ್ತದೆ. ತಲೆಯಾಡಿಸಿದರೆ ಸಾಕು.

ಕೇಳುವವರ ತಾಳ್ಮೆಯಿಂದ ಎಷ್ಟು ಲಾಭವಾಗುತ್ತದೆಂಬುದಕ್ಕೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ತುಳುವಿನ ಸಿರಿ ಮಹಾಕಾವ್ಯವನ್ನು ಬಾಯಿಯಲ್ಲಿಯೇ ಉಳಿಸಿಕೊಂಡು ಬಂದ ಗಾಯಕರು. ಅವರು ನಿಲ್ಲಿಸಿ ನಿಲ್ಲಿಸಿ ಹೇಳುತ್ತ ಬರೆಸಿದಾಗ ಆ ಕಾವ್ಯ ಸುಮಾರು ಎಂಟೂವರೆ ಸಾವಿರ ಸಾಲುಗಳಷ್ಟಾಗಿತ್ತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರೊಡನೆ ಸೇರಿ, ಗಾಯಕರು ತಮ್ಮ ಓಟದಲ್ಲಿಯೇ ಹಾಡುವುದಕ್ಕೆ ಅವಕಾಶ ಮಾಡಿಕೊಟ್ಟು ಮುದ್ರಿಸಿಕೊಂಡಾಗ ಅದೇ ಕಾವ್ಯ 15,683 ಸಾಲುಗಳಿಗೆ ಬೆಳೆಯಿತು. 1998ರಲ್ಲಿ ಅದು ಗ್ರಂಥರೂಪದಲ್ಲಿ ಪ್ರಕಟವಾಯಿತು. ಹಾಡಿದವರು ಅದೇ ವ್ಯಕ್ತಿ, ಹಾಡಿದ್ದು ಅದೇ ಕಥೆ. ಕೇಳಿದ ರೀತಿಯೊಂದು ಬದಲಾಗಿತ್ತು. ತಡೆತಡೆದು ಹೇಳಿಸಿದರೆ ಕಲಾವಿದ ಚಿಕ್ಕದಾಗಿ ಮುಗಿಸುತ್ತಾನೆ, ಬಿಟ್ಟುಕೊಟ್ಟರೆ ತುಂಬಿ ಹರಿಯುತ್ತಾನೆ.

ಇಷ್ಟಾದ ಮೇಲೆ ಸಂಪಾದನೆಯ ಕೆಲಸ. ಕೂಳೂರಿನ ಈ ವಿದ್ಯಾರ್ಥಿನಿಯ ಕೈಯಲ್ಲಿ ಎರಡು ಗಂಟೆಗೂ ಮಿಕ್ಕ ಮಾತುಕತೆ ಇತ್ತು. ಅದರಲ್ಲಿ ಹನ್ನೆರಡು ನಿಮಿಷ ಉಳಿಯಬೇಕು. ಆಕೆ ಮೊದಲು ಕಂಪ್ಯೂಟರನ್ನು ಮುಟ್ಟಲಿಲ್ಲ. ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಸಮಯವನ್ನೂ ಬಲಕ್ಕೆ ಹಿರಿಯರ ಮಾತನ್ನೂ ಅಕ್ಷರಶಃ ಬರೆದುಕೊಂಡಳು. ಅವರು ಭಾವುಕರಾದಾಗಲೆಲ್ಲ ಕನ್ನಡವನ್ನು ಬಿಟ್ಟು ತುಳುವಿಗೆ ಹೊರಳುತ್ತಿದ್ದರು. ಮನೆಯಲ್ಲಿ ಧಾರವಾಡದ ಕಡೆಯ ಕನ್ನಡವನ್ನಾಡುವ ಆಕೆಗೆ ತುಳು ಅಷ್ಟಾಗಿ ಬಾರದು. ಆ ಭಾಗಗಳಲ್ಲಿ ‘ತುಳು’ ಎಂದಷ್ಟೇ ಗುರುತು ಮಾಡಿ ಮುಂದೆ ಸಾಗಿದಳು. ಬೇಕಾದ ಮಾತುಗಳನ್ನು ಕಾಗದದ ಮೇಲೆಯೇ ಜೋಡಿಸಿಕೊಂಡು, ಬಳಿಕ ಉಚಿತವಾಗಿ ದೊರೆಯುವ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದಲ್ಲಿ ದೃಶ್ಯಗಳನ್ನು ಕತ್ತರಿಸಿದಳು. ಮಾತಿನ ನಡುವೆ ಕತ್ತರಿಸಿದ ಜಾಗದಲ್ಲಿ ಮುಖ ಥಟ್ಟನೆ ಜಿಗಿದಂತೆ ಕಾಣುವುದರಿಂದ, ಅಲ್ಲಿ ಕೈಗಳ, ಬ್ರಶ್ಶುಗಳ, ಹಳೆಯ ಬೋರ್ಡುಗಳ ದೃಶ್ಯಗಳನ್ನು ಹಾಸಬೇಕು. ಇದು ಎಲ್ಲರೂ ಅನುಸರಿಸುವ ಕ್ರಮ, ಅದರಲ್ಲಿ ತಪ್ಪೇನಿಲ್ಲ.

ಆದರೆ ಇದೇ ಕ್ರಮದಲ್ಲಿ ಒಂದು ಅಪಾಯವೂ ಅಡಗಿದೆ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಷೋವ್ ಎಂಬ ಚಿತ್ರ ನಿರ್ದೇಶಕ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ. ನಟನೊಬ್ಬನ ಭಾವರಹಿತವಾದ ಒಂದೇ ಮುಖವನ್ನು ಒಮ್ಮೆ ಊಟದ ಬಟ್ಟಲಿನ ಜೊತೆಗೆ, ಮತ್ತೊಮ್ಮೆ ಶವಪೆಟ್ಟಿಗೆಯ ಜೊತೆಗೆ ಜೋಡಿಸಿ ತೋರಿಸಿದಾಗ, ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಮತ್ತೊಮ್ಮೆ ದುಃಖವನ್ನೂ ಕಂಡರಂತೆ. ಮುಖ ಬದಲಾಗಿರಲಿಲ್ಲ, ಪಕ್ಕದ ಚಿತ್ರ ಬದಲಾಗಿತ್ತು. ಯಾರೂ ಆಡದ ಸುಳ್ಳನ್ನು ಬರಿಯ ಜೋಡಣೆಯೇ ಆಡಿಬಿಡಬಲ್ಲದು.

ಕೂಳೂರಿನಲ್ಲಿಯೂ ಹೀಗೆಯೇ ಆಯಿತು. ಸಂದರ್ಶನದ ನಡುವೆ ಆ ಹಿರಿಯರು, ‘ಮಗ ಬ್ರಶ್ ಹಿಡೀಲಿಲ್ಲ. ಅವನು ಬೇರೆ ದಾರಿ ಹಿಡಿದ’ ಎಂದು ಹೇಳಿ ಸುಮ್ಮನಾಗಿದ್ದರು. ವಿದ್ಯಾರ್ಥಿನಿ ಆ ಮಾತಿನ ಮುಂದೆ, ತಗಡಿನ ಡಬ್ಬಿಯಲ್ಲಿ ಬಣ್ಣ ಒಣಗಿ ಗಟ್ಟಿಯಾಗಿ ನಿಂತ ಬ್ರಶ್ಶುಗಳ ದೃಶ್ಯವನ್ನಿಟ್ಟಳು. ಅದರ ಮೇಲೆ ಮಾತಿಲ್ಲ, ಕೋಣೆಯ ಮೌನವಷ್ಟೆ. ನೋಡಿದ ಸಹಪಾಠಿಗಳ ಕಣ್ಣು ಒದ್ದೆಯಾಯಿತು, ಎಲ್ಲರೂ ಹೊಗಳಿದರು. ಕಲಿಸುವ ಗುರುಗಳು ಮಾತ್ರ, ‘ಅವರು ಇಷ್ಟೇ ಹೇಳಿದರೇ?’ ಎಂದು ಕೇಳಿ ಸುಮ್ಮನಾದರಂತೆ.

ಆ ಭಾನುವಾರ ಆಕೆ ಚಿತ್ರವನ್ನು ಹಿರಿಯರಿಗೆ ತೋರಿಸಲು ಹೋದಳು. ಅವರು ಕಣ್ಣು ಕೀಲಿಸಿ ಕೊನೆಯವರೆಗೂ ನೋಡಿದರು. ತಮ್ಮ ಕೈ ಇನ್ನೂ ನಡುಗದೆ ಗೆರೆಯೆಳೆಯುವುದನ್ನು ಕಂಡು ಸಂತೋಷಪಟ್ಟರು. ಬಳಿಕ ಸ್ವಲ್ಪ ಹೊತ್ತು ಬಿಟ್ಟು, ‘ಚಂದ ಉಂಟು ಮಗಾ. ಆದ್ರೆ ಇದನ್ನು ನನ್ನ ಮಗನಿಗೆ ತೋರಿಸ್ಲಿಕ್ಕುಂಟಾ?’ ಎಂದು ಕೇಳಿದರು. ಕೋಪದಿಂದ ಕೇಳಿದ ಮಾತಾಗಿರಲಿಲ್ಲ, ಅಳುಕಿನಿಂದ ಕೇಳಿದ್ದು. ಆಕೆ ಉತ್ತರಿಸಲಾರದೆ ಮನೆಗೆ ಮರಳಿ, ಮೂಲ ಮುದ್ರಣವನ್ನು ತೆರೆದು, ‘ತುಳು’ ಎಂದು ಗುರುತು ಮಾಡಿ ಬಿಟ್ಟಿದ್ದ ಭಾಗಗಳನ್ನು ಪಕ್ಕದ ಮನೆಯ ಅಕ್ಕನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಮಗನ ವಿಷಯ ಬಂದು ಒಂದು ಗಂಟೆ ಕಳೆದ ಮೇಲೆ ಹಿರಿಯರು ಮತ್ತೆ ಅದೇ ಮಾತನ್ನು ತುಳುವಿನಲ್ಲಿ ಎತ್ತಿಕೊಂಡಿದ್ದರು. ಫ್ಲೆಕ್ಸ್ ಮುದ್ರಣ ಬಂದ ಮೇಲೆ ತಿಂಗಳಿಗೊಂದು ಬೋರ್ಡೂ ಬಾರದಂತಾಯಿತು; ಕಲಿಯುತ್ತೇನೆಂದು ಕುಳಿತಿದ್ದ ಮಗನ ಕೈಯಿಂದ ಬ್ರಶ್ಶನ್ನು ತಾವೇ ಕಸಿದುಕೊಂಡು, ಬೇರೆ ಕೆಲಸ ನೋಡಿಕೋ ಎಂದು ಕಳುಹಿಸಿದರು; ಇಂದು ಮನೆ ನಡೆಯುತ್ತಿರುವುದು ಆ ಮಗನ ದುಡಿಮೆಯಿಂದಲೇ. ಆಕೆಗೆ ತಿಳಿಯದೆ ಹೋದ ತುಳುವಿನಲ್ಲಿ ಇಷ್ಟೆಲ್ಲವೂ ಇತ್ತು.

ಮೊದಲ ಜೋಡಣೆಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಾತು ಹಿರಿಯರದೇ, ಧ್ವನಿ ಅವರದೇ, ಒಣಗಿದ ಬ್ರಶ್ಶುಗಳೂ ಅವರವೇ. ಆದರೂ ಒಬ್ಬ ಒಳ್ಳೆಯ ಮಗ ಊರವರ ಕಣ್ಣಿನಲ್ಲಿ ಅಪರಾಧಿಯಾಗುವುದರಲ್ಲಿದ್ದ. ಹನ್ನೆರಡು ನಿಮಿಷದ ಚಿತ್ರವೊಂದು ತಂದೆ ಮಕ್ಕಳ ನಡುವೆ ಎಷ್ಟು ವರ್ಷಗಳ ಮುನಿಸನ್ನು ತಂದಿಡುತ್ತಿತ್ತೋ ಯಾರು ಬಲ್ಲರು! ವಿದ್ಯಾರ್ಥಿನಿ ಆ ತುಳು ಮಾತುಗಳ ನಲವತ್ತು ಸೆಕೆಂಡುಗಳನ್ನು ಕನ್ನಡದ ಅಡಿಬರಹದೊಡನೆ ಸೇರಿಸಿದಳು. ಎಲ್ಲರೂ ಮೆಚ್ಚಿದ್ದ ಆ ಮೌನದ ದೃಶ್ಯವನ್ನು ತೆಗೆದುಹಾಕಿದಳು. ಚಿತ್ರವು ಗೊತ್ತುಪಡಿಸಿದ ಅವಧಿಯನ್ನು ಮೀರಿತು, ಅದಕ್ಕಾಗಿ ಅಂಕಗಳೂ ಸ್ವಲ್ಪ ಕಡಿಮೆಯಾದವಂತೆ. ಆದರೆ ಈಗ ಅದನ್ನು ಆ ಮನೆಯವರೆಲ್ಲರೂ ಕೂಡಿ ಕುಳಿತು ನೋಡಬಹುದು.

ಕನ್ನಡದಲ್ಲಿ ಈ ಕೆಲಸಕ್ಕೆ ನಾವು ಬಳಸುವ ಶಬ್ದವೇ ‘ಸಂಪಾದನೆ’. ಗಳಿಸುವುದು ಎಂಬುದು ಅದರ ಮತ್ತೊಂದು ಅರ್ಥ. ನಮ್ಮ ಓದುಗರಿಗೆ ಈ ಶಬ್ದವನ್ನು ಕೇಳಿದೊಡನೆ ಶೂನ್ಯಸಂಪಾದನೆ ನೆನಪಾಗದೆ ಇರದು. 12ನೆಯ ಶತಮಾನದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದದ ರೂಪದಲ್ಲಿ ಜೋಡಿಸಿದರು. ಅವರ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮೊದಲಾದವರು ಅದನ್ನು ತಮ್ಮ ತಮ್ಮ ದೃಷ್ಟಿಯಿಂದ ಮತ್ತೆ ಸಂಪಾದಿಸಿದರು. ಅವರೂ ಆಯ್ದುಕೊಂಡರು, ಬಿಟ್ಟರು, ಹಿಂದುಮುಂದು ಜೋಡಿಸಿದರು, ನಡುವೆ ತಮ್ಮ ಗದ್ಯವನ್ನು ಹೆಣೆದರು. ಆದರೆ ಪ್ರತಿಯೊಂದು ವಚನವೂ ಅದನ್ನು ನುಡಿದವರ ಅಂಕಿತದೊಡನೆಯೇ ಉಳಿದು ಬಂತು. ಅಲ್ಲಮರ ಮಾತು ಅಲ್ಲಮರದಾಗಿಯೇ, ಅಕ್ಕನ ಮಾತು ಅಕ್ಕನದಾಗಿಯೇ ನಮ್ಮವರೆಗೆ ತಲಪಿದೆ. ಜೋಡಿಸಿದವರ ಮಾತು ಎಲ್ಲಿ ಮುಗಿಯಿತು, ನುಡಿದವರ ಮಾತು ಎಲ್ಲಿ ಮೊದಲಾಯಿತು ಎಂಬುದು ಓದುವವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಕ್ಯಾಮರಾ ಹಿಡಿದು ಕಲಾವಿದರ ಮುಂದೆ ಕುಳಿತುಕೊಳ್ಳುವ ಇಂದಿನ ಮಕ್ಕಳಿಗೂ ಇದೇ ಅಳತೆಗೋಲು ಸಾಕೆಂದು ನಮಗನಿಸುತ್ತದೆ. ಎಷ್ಟು ಬೇಕಾದರೂ ಕತ್ತರಿಸಿ, ಹೇಗೆ ಬೇಕಾದರೂ ಜೋಡಿಸಿ. ಆದರೆ ಮಾತಿನ ಅಂಕಿತ ಅಳಿಯದಿರಲಿ. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮತ್ತೊಂದು ಪ್ರಶ್ನೆಗೆ ಅಂಟಿಸಬೇಡಿ. ಚಿತ್ರ ಮುಗಿದ ಮೇಲೆ ಆ ಕಲಾವಿದರು ಅದನ್ನು ನೋಡಿ, ‘ಇದು ನನ್ನ ಮಾತು’ ಎಂದು ಒಪ್ಪುವಂತಿರಬೇಕು.

ಚಿತ್ರಕಲೆ ಕಲಿತವರು ಈ ಕೆಲಸಕ್ಕೆ ಕೈಹಾಕುವುದು ಹೊಸದೇನೂ ಅಲ್ಲ. ಸತ್ಯಜಿತ್ ರಾಯ್ 1940ರಲ್ಲಿ ಶಾಂತಿನಿಕೇತನದ ಕಲಾಭವನವನ್ನು ಚಿತ್ರಕಲಾ ವಿದ್ಯಾರ್ಥಿಯಾಗಿ ಸೇರಿದಾಗ ಅಲ್ಲಿ ಅವರಿಗೆ ಕಲಿಸಿದ ಗುರುಗಳಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಒಬ್ಬರು. ಹುಟ್ಟಿನಿಂದಲೇ ದೃಷ್ಟಿ ದುರ್ಬಲವಾಗಿದ್ದ ಆ ಗುರುಗಳು ನಡುವಯಸ್ಸಿನಲ್ಲಿ ಪೂರ್ಣವಾಗಿ ಕಣ್ಣು ಕಳೆದುಕೊಂಡರೂ ಕಲೆಯನ್ನು ಬಿಡಲಿಲ್ಲ. ಮೂರು ದಶಕಗಳ ಬಳಿಕ, 1972ರಲ್ಲಿ ಶಿಷ್ಯ ತನ್ನ ಗುರುವನ್ನು ಕುರಿತು ‘ದಿ ಇನ್ನರ್ ಐ’ ಎಂಬ ಕಿರುಚಿತ್ರ ಮಾಡಿದರು. ಅದರ ಹಿರಿಮೆಯೆಂದರೆ, ಅದು ಕುರುಡುತನವನ್ನು ಕನಿಕರದ ವಸ್ತುವಾಗಿ ಮಾಡದೆ, ಗುರುಗಳು ಅದನ್ನು ಹೇಗೆ ಕಂಡುಕೊಂಡರೋ ಹಾಗೆಯೇ ನಮ್ಮ ಮುಂದಿಡುತ್ತದೆ. ಕಣ್ಣೀರು ತರಿಸುವುದು ಸುಲಭವಿತ್ತು, ಶಿಷ್ಯ ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಅದೇ ಶಾಂತಿನಿಕೇತನದ ಶಿಲ್ಪಿ ರಾಮಕಿಂಕರ ಬೈಜ್ ಅವರನ್ನು ಕುರಿತು ಋತ್ವಿಕ್ ಘಟಕ್ 1975ರಲ್ಲಿ ಆರಂಭಿಸಿದ ಚಿತ್ರವಾದರೋ, 1976ರಲ್ಲಿ ನಿರ್ದೇಶಕರೇ ತೀರಿಕೊಂಡುದರಿಂದ ಅವರ ಕೈಯಲ್ಲಿ ಪೂರ್ಣಗೊಳ್ಳದೆ ಉಳಿಯಿತು. ನಾಳೆ ಮಾಡಿದರಾಯಿತೆಂಬ ಮಾತು ಕೇಳುವವರಿಗೂ ಸಲ್ಲದು, ಹೇಳುವವರಿಗೂ ಸಲ್ಲದು.

ಇಲ್ಲಿ ತಂದೆತಾಯಿಗಳ ಆತಂಕವನ್ನೂ ಪ್ರಸ್ತಾಪಿಸದಿದ್ದರೆ ಅಂಕಣ ಅಪೂರ್ಣವಾಗುತ್ತದೆ. ಈ ವಿದ್ಯಾರ್ಥಿನಿಯ ತಂದೆ ನಮ್ಮೊಡನೆ ತಮ್ಮ ಮನಸ್ಸನ್ನು ತೋಡಿಕೊಂಡರು. ‘ಚಿತ್ರಾ ಬರಿಯೂದು ಕಲೀತೀನಿ ಅಂದ್ಳು, ಹೂಂ ಅಂದ್ವಿ. ಈಗ ಕ್ಯಾಮರಾ ಹಿಡಕೊಂಡು ಮಂದಿ ಮನಿ ಮನಿ ಅಡ್ಡಾಡ್ತಾಳ್ರೀ. ಮುಂದ ಹ್ಯಾಂಗ?’ ಎಂದರು. ಪ್ರಾಮಾಣಿಕವಾದ ಪ್ರಶ್ನೆ. ಕಲಾವಿದರ ಸಂದರ್ಶನಗಳಿಂದಲೇ ಸಂಸಾರ ಸಾಗುತ್ತದೆಂದು ನಾವು ಭರವಸೆ ಕೊಡಲಾರೆವು. ಆದರೆ ಬೆಳಕನ್ನು ಅರಿಯುವುದು, ಧ್ವನಿಯನ್ನು ಶುದ್ಧವಾಗಿ ಹಿಡಿಯುವುದು, ಎರಡು ಗಂಟೆಯ ಮಾತಿನಲ್ಲಿ ತಿರುಳನ್ನು ಗುರುತಿಸುವುದು, ಇವು ಶಾಲೆ, ಆಸ್ಪತ್ರೆ, ವಸ್ತುಸಂಗ್ರಹಾಲಯ, ಸುದ್ದಿಮಾಧ್ಯಮ ಎಲ್ಲೆಡೆಯೂ ಬೇಕಾಗುವ ಕೌಶಲಗಳು. ಕ್ರಮಬದ್ಧವಾಗಿ ಮುಂದುವರಿಯಬೇಕೆನ್ನುವವರಿಗೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಿದೆ, ಪುಣೆಯಲ್ಲಿ 1960ರಲ್ಲಿ ಸ್ಥಾಪನೆಯಾದ ಚಲನಚಿತ್ರ ಸಂಸ್ಥೆಯಿದೆ. ಮಗಳು ಮಂದಿಯ ಮನೆ ಮನೆ ಅಡ್ಡಾಡುವ ವಿಷಯಕ್ಕೆ ಹೇಳುವುದಾದರೆ, ಫ. ಗು. ಹಳಕಟ್ಟಿಯವರು ಹಾಗೆ ಮನೆ ಮನೆ ಅಲೆದು ತಾಡೋಲೆಗಳನ್ನು ಕೂಡಿಹಾಕದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಾಣುತ್ತಿತ್ತೇ ಎಂಬುದನ್ನು ಆ ತಂದೆಗೆ ನೆನಪಿಸಿದೆವು. ಅವರು ನಕ್ಕು ಸುಮ್ಮನಾದರು. ಒಪ್ಪಿದರೆಂದು ಹೇಳಲಾರೆವು, ಆದರೆ ಮಗಳಿಗೆ ಒಂದು ಒಳ್ಳೆಯ ಮೈಕು ಕೊಡಿಸಿದ ಸುದ್ದಿ ಬಳಿಕ ತಿಳಿಯಿತು.

ಈ ಕೆಲಸಕ್ಕೆ ತೊಡಗುವ ಮಕ್ಕಳಿಗೆ ಮನೆಯ ಹಿರಿಯರು ಕೆಲವು ಕಟ್ಟುಪಾಡುಗಳನ್ನು ಕಲಿಸಬೇಕು. ಚಿತ್ರೀಕರಣಕ್ಕೆ ಮುಂಚೆ ಕಲಾವಿದರ ಒಪ್ಪಿಗೆ ಪಡೆಯಲಿ. ಇದನ್ನು ಎಲ್ಲಿ, ಯಾರಿಗೆ ತೋರಿಸುತ್ತೇವೆಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿ. ಅವರು ದಣಿದರೆ ನಿಲ್ಲಿಸಲಿ, ‘ಇದು ಬೇಡ’ ಎಂದರೆ ಮರುಮಾತಿಲ್ಲದೆ ಬಿಡಲಿ. ಚಿತ್ರವನ್ನು ಹೊರಗೆ ತೋರಿಸುವ ಮೊದಲು ಅವರಿಗೆ ತೋರಿಸಲಿ. ತಮಗೆ ಬಾರದ ಭಾಷೆಯ ಮಾತನ್ನು ಬಲ್ಲವರಿಂದ ಕೇಳಿ ತಿಳಿಯದೆ ಕತ್ತರಿಸದಿರಲಿ. ಒಂದು ಪ್ರತಿಯನ್ನು ಅವರ ಮನೆಗೆ ತಪ್ಪದೆ ಕೊಡಲಿ. ಹನ್ನೆರಡು ನಿಮಿಷದ ಚಿತ್ರ ಮುಗಿಯಿತೆಂದು ಎರಡು ಗಂಟೆಯ ಮೂಲವನ್ನು ಅಳಿಸಿಹಾಕುವುದು ದೊಡ್ಡ ನಷ್ಟ. ಮೂಲ ಮುದ್ರಣವನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ ಇಡಲಿ. ಅದರ ಮೇಲೆ ಹೆಸರು, ಊರು, ದಿನಾಂಕ, ಮಾತನಾಡಿದ ಭಾಷೆ ಇಷ್ಟನ್ನಾದರೂ ಬರೆದಿಡಲಿ. ಕೂಳೂರಿನಲ್ಲಿ ಆ ತಂದೆ ಮಗನ ಮಾನ ಉಳಿದದ್ದು ಮೂಲ ಮುದ್ರಣ ಅಳಿಯದೆ ಇದ್ದುದರಿಂದಲೇ ಎಂಬುದನ್ನು ಯಾರೂ ಮರೆಯಬಾರದು.

ಓದುಗ ಬಂಧುಗಳೆ, ನಿಮ್ಮ ಊರಿನಲ್ಲಿ ಭಜನೆಯ ಹಾಡುಗಳನ್ನು ಬಲ್ಲ ತಾಯಿಯೊಬ್ಬರಿರಬಹುದು, ರಥಕ್ಕೆ ಬಣ್ಣ ಬಳಿಯುವ ಹಿರಿಯರೊಬ್ಬರಿರಬಹುದು, ಕೌದಿ ಹೊಲಿಯುವ ಅಜ್ಜಿ ನಿಮ್ಮ ಮನೆಯಲ್ಲಿಯೇ ಇರಬಹುದು. ಬರುವ ರಜೆಯಲ್ಲಿ ಮಕ್ಕಳ ಕೈಗೆ ಈ ಕೆಲಸವನ್ನು ಒಪ್ಪಿಸಿ. ಮೊದಲ ಪ್ರಯತ್ನದಲ್ಲಿ ಚಿತ್ರ ಅಲುಗಬಹುದು, ಧ್ವನಿ ಒಡೆಯಬಹುದು, ಅದಕ್ಕೆ ಚಿಂತೆಯಿಲ್ಲ. ಕೇಳುವ ಮನಸ್ಸು ನೇರವಾಗಿದ್ದರೆ ಕೈ ನಿಧಾನವಾಗಿ ಪಳಗುತ್ತದೆ. ನಮ್ಮ ಮಕ್ಕಳು ಹಿರಿಯರ ಮಾತನ್ನು ಪೂರ್ತಿಯಾಗಿ ಕೇಳಲಿ, ಕೇಳಿದ್ದನ್ನು ನುಡಿದವರ ಹೆಸರಿನಲ್ಲಿಯೇ ಉಳಿಸಲಿ ಎಂದು ಹಾರೈಸುತ್ತೇವೆ.